ಅಜ್ಜಿ ಹಾಕಿದ ಎರಡು ಮತ

ಮಗೂ, ಬೆಳಿಗ್ಗೆ ಭಾವನವರು ಗುಂಪಿಗೆ ಹಾಕಿದ ವಿಡಿಯೊ ನೋಡಿ, ನಮ್ಮ ಜನ ಭಾವನೆಗೆ ಮರುಳಾಗಿ ಮತ ಹಾಕುತ್ತಾರೆ, ಯೋಚಿಸುವವರೇ ಇಲ್ಲ ಎಂದು ನೀನು ಬರೆದಿದ್ದೀಯೆ. ಅಷ್ಟುದ್ದ ಬರೆಯಲು ನನ್ನ ಕೈ ಸಾಗದು, ಆದ್ದರಿಂದ ಮಾತಿನಲ್ಲೇ ಹೇಳುತ್ತೇನೆ, ಸಮಾಧಾನದಿಂದ ಕೇಳು.

1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಹತ್ಯೆಯಾಯಿತು. ಸಂಜೆ ರೇಡಿಯೊದಲ್ಲಿ ಸುದ್ದಿ ಬಂದಾಗ ರಾಗಿ ಕೇರುತ್ತಿದ್ದ ನಿಮ್ಮಜ್ಜಿ ಮೊರವನ್ನು ಹಾಗೆಯೇ ಕೆಳಗಿಟ್ಟು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಆ ರಾತ್ರಿ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ ಬಂದವು. ಅಜ್ಜಿಯ ಮತವೂ ಹಸ್ತಕ್ಕೇ ಬಿದ್ದಿತ್ತು.

ತಮ್ಮ ಜನತಾ ಪಕ್ಷಕ್ಕಾದ ಆ ಸೋಲಿನ ನಂತರ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟು ಹೊಸ ಜನಾದೇಶ ಕೇಳಿದರು. ಮೂರು ತಿಂಗಳೂ ತುಂಬದೆ, 1985ರ ಮಾರ್ಚಿನಲ್ಲಿ, ಇದೇ ಮತದಾರರು ಅದೇ ಪಕ್ಷಕ್ಕೆ ವಿಧಾನಸಭೆಯ 224ರಲ್ಲಿ 139 ಸ್ಥಾನಗಳನ್ನು ಕೊಟ್ಟರು. ಅಜ್ಜಿ ಈ ಸಲ ನೇಗಿಲು ಹೊತ್ತ ರೈತನ ಗುರುತಿಗೆ ಮುದ್ರೆ ಒತ್ತಿ ಬಂದಿದ್ದರು. ಏಕೆ ಎಂದು ಕೇಳಿದ್ದಕ್ಕೆ ಬೀದಿಯ ತುದಿಯ ಕೊಳವೆಬಾವಿಯ ಕಡೆ ಕೈ ತೋರಿಸಿದರು. ಸಚಿವ ಅಬ್ದುಲ್ ನಜೀರ್ ಸಾಬರು ಹಳ್ಳಿಹಳ್ಳಿಯಲ್ಲಿ ಕೊಳವೆಬಾವಿ ಕೊರೆಸುತ್ತಿದ್ದ ಕಾಲವದು. ಜನ ಅವರನ್ನು ನೀರ್ ಸಾಬ್ ಎಂದೇ ಕರೆಯುತ್ತಿದ್ದರು. ಅದುವರೆಗೆ ಅಜ್ಜಿ ಕೆರೆಯಂಗಳದ ಬಾವಿಯಿಂದ ದಿನಕ್ಕೆ ಆರು ಬಿಂದಿಗೆ ಹೊತ್ತು ತರುತ್ತಿದ್ದರು, ನೆತ್ತಿಯಲ್ಲಿ ಸಿಂಬಿ ಕೂತ ಜಾಗದ ಕೂದಲೇ ಸವೆದಿತ್ತು.

ದುಃಖದ ಮತದಲ್ಲಿ ದೇಶ ಏನಾಗುವುದೋ ಎಂಬ ಯೋಚನೆಯಿತ್ತು, ನೀರಿನ ಮತದಲ್ಲಿ ಋಣದ ಭಾವನೆಯಿತ್ತು. ಓದು ಬಾರದ ಅಜ್ಜಿ ದೆಹಲಿಯದನ್ನೂ ಬೆಂಗಳೂರಿನದನ್ನೂ ಬೇರೆಬೇರೆಯಾಗಿ ತೂಗಿದ್ದರು.

ಆದರೆ ಅದೇ ಸಾವಿನ ದುಃಖವನ್ನು ದೆಹಲಿಯಲ್ಲಿ ಕೆಲವರು ಸಿಖ್ಖರ ಮನೆಬಾಗಿಲಿಗೆ ತಿರುಗಿಸಿದರು. ಇಂದಿರಾ ಅವರನ್ನು ಕೊಂದವರು ಇಬ್ಬರು ಸಿಖ್ ಅಂಗರಕ್ಷಕರು. ಅದಕ್ಕೆ ಪ್ರಾಣ ತೆತ್ತ ಸಿಖ್ಖರು ಸರ್ಕಾರದ ಲೆಕ್ಕದಲ್ಲೇ ದೆಹಲಿಯೊಂದರಲ್ಲಿ 2,733 ಮಂದಿ. ನಮ್ಮ ಮನೆಯಲ್ಲಿ ಒಲೆ ಹಚ್ಚದೆ ಕೂತಿದ್ದ ಹೊತ್ತಿನಲ್ಲಿ ಅಲ್ಲಿ ಮನುಷ್ಯರನ್ನು ಸುಡಲು ಅಣಿಯಾಗುತ್ತಿದ್ದರೆಂಬುದು ಇಂದಿಗೂ ನನಗೆ ತಡೆಯಲಾಗದ ಸಂಕಟ.

ಭಾವನವರೇ, ತಾವು ಹಾಕಿದ ವಿಡಿಯೊದಲ್ಲಿ ಮಗನನ್ನು ಕಳೆದುಕೊಂಡ ತಾಯಿಯ ಅಳುವನ್ನು ತೋರಿಸಿ, ಕೊನೆಗೆ ಒಂದಿಡೀ ಸಮುದಾಯದವರ ಅಂಗಡಿಗೆ ಕಾಲಿಡಬೇಡಿ ಎಂದಿದ್ದಾರೆ. ಆ ತಾಯಿಯನ್ನು ನೋಡಿ ನನಗೂ ಕಣ್ಣೀರು ಬಂತು. ದಯವಿಟ್ಟು ಅದನ್ನು ಗುಂಪಿನಿಂದ ತೆಗೆದುಬಿಡಿ.