ಒಂದೊಂದು ಕಂಪನಿಯ ಮಷಿನ್, ಇಡೀ ಪ್ಲಾಂಟಿಗೆ ಒಂದೇ ಕೈಪಿಡಿ: ಹೇಗೆ ಬರೆಯಲಿ?

ಪ್ರಶ್ನೆ: ನಮಸ್ಕಾರ ಸರ್. ಗಂಗಾವತಿ ಹತ್ತಿರದ ರೈಸ್‌ಮಿಲ್‌ನಲ್ಲಿ ಮೆಂಟೆನೆನ್ಸ್ ನೋಡಿಕೊಳ್ತೀನಿ. ಬಾಯ್ಲರ್, ಡ್ರೈಯರ್, ಶೆಲ್ಲರ್ (ಭತ್ತದ ಹೊಟ್ಟು ಬಿಡಿಸೋ ಮಷಿನ್), ಸಾರ್ಟೆಕ್ಸ್ (ಬಣ್ಣ ಕೆಟ್ಟ ಕಾಳು ಆರಿಸೋ ಮಷಿನ್) ಎಲ್ಲವೂ ಬೇರೆ ಬೇರೆ ಕಂಪನಿಯವು. ಈಗ ಎಲ್ಲವನ್ನೂ ಒಂದೇ ಪಿಎಲ್‌ಸಿ (ಪ್ರೋಗ್ರಾಂ ಪ್ರಕಾರ ಮಷಿನ್ ನಡೆಸೋ ಕಂಪ್ಯೂಟರ್) ಪ್ಯಾನಲ್‌ಗೆ ಜೋಡಿಸಿದ್ದಾರೆ. ಇಡೀ ಪ್ಲಾಂಟಿಗೆ ಕೈಪಿಡಿ ಬರೆದುಕೊಡು ಅಂತ ಸಾಹುಕಾರ್ರು ಹೇಳಿದ್ದಾರೆ. ಕಂಪನಿ ಮ್ಯಾನ್ಯುಯಲ್‌ಗಳನ್ನೇ ಕನ್ನಡಕ್ಕೆ ತಂದು ಒಟ್ಟಿಗೆ ಬೈಂಡ್ ಮಾಡಿಸಿದರೆ ಸಾಲದೇ?

ಉತ್ತರ: ಸಾಲದು ನೋಡ್ರಿ. ಶೆಲ್ಲರ್ ಮ್ಯಾನ್ಯುಯಲ್‌ನಲ್ಲಿ ಶೆಲ್ಲರ್ ವಿಷಯ ಮಾತ್ರ ಇರುತ್ತೆ. ಅದರ ಮುಂದಿನ ಎಲಿವೇಟರ್ (ಮಾಲನ್ನ ಮೇಲಕ್ಕೆತ್ತೋ ಬೆಲ್ಟ್) ನಿಂತರೆ ಏನಾಗುತ್ತೆ ಅನ್ನೋದನ್ನ ಯಾವ ಕಂಪನಿಯೂ ಬರೆದಿರಲ್ಲ. ಮಷಿನ್‌ಗೂ ಮಷಿನ್‌ಗೂ ನಡುವಿನ ಆ ಸಂದುಗಳನ್ನೇ ನೀವು ಬರೀಬೇಕು.

ಪ್ಯಾನಲ್ ಮಾಡಿದವರಿಂದ ಇಂಟರ್‌ಲಾಕ್ ಪಟ್ಟಿ, ಅಂದರೆ ಯಾವ ಮಷಿನ್ ನಿಂತರೆ ಯಾವುದು ತಾನಾಗೇ ನಿಲ್ಲಬೇಕು ಅನ್ನೋ ಪಟ್ಟಿ, ಇಸ್ಕೊಳ್ರಿ. ಶುರು ಮಾಡೋದು ಕೊನೆಯ ಮಷಿನ್‌ನಿಂದ ಹಿಂದಕ್ಕೆ, ನಿಲ್ಲಿಸೋದು ಭತ್ತ ಸುರಿಯುವ ಕಡೆಯಿಂದ ಮುಂದಕ್ಕೆ. ಇದನ್ನ ಕಾರಣ ಸಮೇತ ಬರೀರಿ: ಮುಂದಿನ ಎಲಿವೇಟರ್ ನಿಂತಿರುವಾಗ ಹಿಂದಿನದು ಮಾಲು ಸುರಿದರೆ ಬೂಟ್ (ಎಲಿವೇಟರ್‌ನ ತಳದ ಪೆಟ್ಟಿಗೆ) ತುಂಬಿ ಬೆಲ್ಟ್ ಜಾರುತ್ತೆ. ಕಾರಣ ಗೊತ್ತಿಲ್ಲದವರೇ ಇಂಟರ್‌ಲಾಕ್ ಬೈಪಾಸ್ ಮಾಡೋದು.

ಸಿಗ್ನಲ್‌ಗಳ ಬಗ್ಗೆ ಇನ್ನೂ ಜೋಪಾನ ಬೇಕು. ಡ್ರೈಯರ್ ಟೆಂಪರೇಚರ್ 4ರಿಂದ 20 ಮಿಲಿಆಂಪ್ ಸಿಗ್ನಲ್‌ನಲ್ಲಿ ಬರುತ್ತೆ ಅಂದ್ಕೊಳ್ರಿ. 4 ಅಂದರೆ ಅತಿ ಕಡಿಮೆ ಉಷ್ಣಾಂಶ, 0 ಅಂದರೆ ವೈರ್ ಕಟ್ ಆಗಿದೆ. ಆಗ ಪರದೆ ಏನು ತೋರಿಸುತ್ತೆ ಅಂತ ಬರೆದಿರದಿದ್ದರೆ, ಡ್ರೈಯರ್ ತಣ್ಣಗಾಗಿದೆ ಅಂತ ಆಪರೇಟರ್ ಸ್ಟೀಮ್ ವಾಲ್ವ್ ಇನ್ನಷ್ಟು ತಿರುಗಿಸ್ತಾನೆ. ಕಾಳು ಸೀಳು ಬಿಟ್ಟು ಪಾಲಿಶ್‌ನಲ್ಲಿ ನುಚ್ಚಾಗುತ್ತೆ.

ಪ್ರಶ್ನೆ: ಒಂದೇ ಎಲಿವೇಟರ್‌ಗೆ ಪರದೆ ಮೇಲೆ ಒಂದು ಹೆಸರು, ಡ್ರಾಯಿಂಗ್‌ನಲ್ಲಿ ಇನ್ನೊಂದು. ಹುಡುಗರು ಕರೆಯೋದೇ ಬೇರೆ. ಯಾವುದನ್ನ ಬಳಸಲಿ ಸರ್?

ಉತ್ತರ: ಮಷಿನ್ ಮೈಮೇಲೆ ಪೇಂಟಿನಲ್ಲಿ ಒಂದು ನಂಬರ್ ಬರೆಸ್ರಿ. ಪರದೆ, ಡ್ರಾಯಿಂಗ್, ಕೈಪಿಡಿ ಮೂರರಲ್ಲೂ ಅದೇ ನಂಬರ್ ಇರಲಿ. ಪಕ್ಕದಲ್ಲಿ ಹುಡುಗರ ಬಾಯಲ್ಲಿರೋ ಹೆಸರನ್ನೂ ಹಾಕ್ರಿ, ರಾತ್ರಿ ಪಾಳಿಯಲ್ಲಿ ಅವರು ಹುಡುಕೋದು ಅದನ್ನೇ.

ಎಚ್ಚರಿಕೆ ಯಾವಾಗಲೂ ಕೆಲಸದ ಹೆಜ್ಜೆಗಿಂತ ಮುಂಚೆ ಬರಬೇಕು. ಬಾಯ್ಲರ್ ನೀರಿನ ಮಟ್ಟ ತೋರಿಸೋ ಗೇಜ್ ಗ್ಲಾಸ್‌ನಲ್ಲಿ ನೀರೇ ಕಾಣದಿದ್ದರೆ ಕಾದ ಬಾಯ್ಲರ್‌ಗೆ ನೀರು ಬಿಡಬಾರದು, ಮೊದಲು ಬೆಂಕಿ ನಿಲ್ಲಿಸಬೇಕು. ಇದು ಬಾಯ್ಲರ್‌ಗೆ ನೀರು ತಳ್ಳೋ ಫೀಡ್ ಪಂಪ್ ಪುಟದ ಮೊದಲ ಸಾಲಿನಲ್ಲೇ ಇರಲಿ. ಬಳಕೆ ಕೈಪಿಡಿಗಳಿಗಂತಲೇ ಐಇಸಿ/ಐಇಇಇ 82079-1 ಅನ್ನೋ ಅಂತರರಾಷ್ಟ್ರೀಯ ಮಾನದಂಡ ಇದೆ, 2019ರ ಆವೃತ್ತಿ ಸಿಕ್ಕರೆ ನೋಡ್ರಿ.

ಬರೆದ ಮೇಲೆ ಹೊಸ ಆಪರೇಟರ್ ಕೈಗೆ ಕೊಟ್ಟು, ನೀವು ಬಾಯಿ ಬಿಡದೆ ಪಕ್ಕದಲ್ಲಿ ನಿಂತ್ಕೊಳ್ರಿ. ಅವನು ಎಲ್ಲಿ ತಡವರಿಸ್ತಾನೋ ಆ ಸಾಲು ತಿದ್ದ್ರಿ. ಪ್ಯಾನಲ್ ಪ್ರೋಗ್ರಾಂ ಬದಲಾದ ದಿನವೇ ಆ ಪುಟವೂ ಬದಲಾಗಬೇಕು, ಕೆಳಗೆ ತಾರೀಕು ಹಾಕಿ ಹಳೇ ಪುಟ ಕಿತ್ತುಬಿಡ್ರಿ.