ಫೈಲ್ ಎಲ್ಲಾ ಓಪನ್ ಇದ್ದರೂ ಇನ್ನೊಬ್ಬರಿಗೆ ಬೋರ್ಡ್ ಮಾಡಿಕೊಳ್ಳಲು ಆಗುತ್ತಿಲ್ಲ, ಯಾಕೆ?

ತೋಟದಮನೆ (ಪ್ರಶ್ನೆ)

ಸಾಗರದ ಹತ್ತಿರ ನಮ್ಮ ಅಡಿಕೆ ತೋಟ. ಬೇಸಿಗೆಯಲ್ಲಿ ಯಾವ ಭಾಗಕ್ಕೆ ಯಾವಾಗ ನೀರು ಬಿಡಬೇಕು ಅಂತ ತಿಳಿಯಲು ಮಣ್ಣಿನ ತೇವ ಅಳೆಯುವ ಒಂದು ಬೋರ್ಡ್ ಮಾಡಿದ್ದೇನೆ. ಮಣ್ಣಿಗೆ ಚುಚ್ಚುವ ಕೆಪಾಸಿಟಿವ್ ಸೆನ್ಸರ್, ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಅಂಕಿ ಕಳಿಸುವ ಲೋರಾ ರೇಡಿಯೊ, ಒಂದು 18650 ಲಿಥಿಯಂ ಸೆಲ್. ತೋಟದೊಳಗೆ ಮೊಬೈಲ್ ಸಿಗ್ನಲ್ ಇಲ್ಲ, ಅದಕ್ಕೇ ಲೋರಾ. ಮಳೆಗಾಲವನ್ನೂ ತಡೆದುಕೊಂಡು ಚೆನ್ನಾಗಿ ಕೆಲಸ ಮಾಡುತ್ತಿದೆ.

ನಾನು ಕಲಿತಿದ್ದೆಲ್ಲ ಬೇರೆಯವರು ಹಂಚಿಕೊಂಡ ಸರ್ಕ್ಯೂಟ್‌ಗಳಿಂದಲೇ. ಹಾಗಾಗಿ ಕೀಕ್ಯಾಡ್‌ನಲ್ಲಿ ಬರೆದ ಬೋರ್ಡಿನ ನಕ್ಷೆ, ಬೋರ್ಡ್ ತಯಾರಿಸುವವರಿಗೆ ಕೊಡುವ ಗರ್ಬರ್ ಫೈಲ್, ಬಿಡಿಭಾಗಗಳ ಪಟ್ಟಿ, ಕೋಡ್ ಎಲ್ಲವನ್ನೂ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಗಿಟ್‌ಗೆ ಹಾಕಿದೆ. ತೀರ್ಥಹಳ್ಳಿಯ ಗೆಳೆಯರೊಬ್ಬರು ಅದನ್ನೇ ಇಟ್ಟುಕೊಂಡು ಬೋರ್ಡ್ ಮಾಡಿಸಿದರು. ಬೆಸುಗೆ ಅಚ್ಚುಕಟ್ಟಾಗಿದೆ, ಹೋಗಿ ನೋಡಿದೆ. ಆದರೆ ಸೆನ್ಸರ್ ಒಣ ಮಣ್ಣಿಗೂ ನೀರಿಗೂ ಹೆಚ್ಚುಕಡಿಮೆ ಒಂದೇ ಅಂಕಿ ಕೊಡುತ್ತದೆ. ಬ್ಯಾಟರಿ ನನ್ನಲ್ಲಿ ತಿಂಗಳುಗಟ್ಟಲೆ ಬರುತ್ತದೆ, ಅವರಲ್ಲಿ ಮೂರು ವಾರ ತುಂಬುವುದರೊಳಗೆ ಖಾಲಿ. ಪಟ್ಟಿಯಲ್ಲಿದ್ದ ಎಂಸಿಪಿ1700 ರೆಗ್ಯುಲೇಟರ್ (ಸೆಲ್‌ನ ವೋಲ್ಟೇಜನ್ನು ಒಂದೇ ಮಟ್ಟಕ್ಕೆ ಇಳಿಸಿ ಕೊಡುವ ಚಿಪ್) ಅಂಗಡಿಯಲ್ಲಿ ಸಿಗಲಿಲ್ಲವಂತೆ, ಎಎಂಎಸ್1117 ಇರುವ ಸಣ್ಣ ಮಾಡ್ಯೂಲ್ ಹಾಕಿದ್ದಾರೆ. ಎರಡೂ 3.3 ವೋಲ್ಟಿನವೇ ಅಲ್ವಾ?

ಸಾಫ್ಟ್‌ವೇರ್ ಆಗಿದ್ದರೆ ಇಳಿಸಿಕೊಂಡು ಓಡಿಸಿದರೆ ಆಯಿತು. ಇಲ್ಲಿ ಫೈಲ್ ಒಂದೇ, ಬೋರ್ಡ್ ಬೇರೆ. ಇನ್ನೇನು ಹಂಚಿಕೊಳ್ಳಬೇಕಿತ್ತು?

ಬೆಸುಗೆ

ನಾನು ಪೀಣ್ಯದಲ್ಲಿ ಸಣ್ಣ ಬೋರ್ಡ್ ಅಸೆಂಬ್ಲಿ ಘಟಕದಲ್ಲಿ ಕೆಲಸ ಮಾಡುತ್ತೇನೆ. ಓಪನ್ ವಿನ್ಯಾಸಗಳನ್ನು ಹಿಡಿದುಕೊಂಡು ಬರುವ ಕಾಲೇಜು ಹುಡುಗರು, ರೈತರು ನಮ್ಮಲ್ಲಿ ಜಾಸ್ತಿ. ನಿಮ್ಮ ಕಥೆಯನ್ನೇ ಅವರೂ ಹೇಳುತ್ತಾರೆ.

ಮೊದಲು ಬ್ಯಾಟರಿ. ಎಎಂಎಸ್1117 ಸುಮ್ನೆ ಕೂತಿದ್ದರೂ ಸುಮಾರು 5 ಮಿಲಿಆಂಪ್ ಕುಡಿಯುತ್ತದೆ. ದಿನಕ್ಕೆ 120 ಮಿಲಿಆಂಪ್-ಅವರ್ ಆಯಿತು. 2600 ಮಿಲಿಆಂಪ್-ಅವರ್ ಸೆಲ್ ಆದರೆ ಅಷ್ಟಕ್ಕೇ ಮೂರು ವಾರದಲ್ಲಿ ಮುಗಿಯಿತು, ಮಾಡ್ಯೂಲ್ ಮೇಲೆ ಎಲ್‌ಇಡಿ ಇದ್ದರೆ ಇನ್ನೂ ಬೇಗ. ಎಂಸಿಪಿ1700 ತನಗಾಗಿ ತೆಗೆದುಕೊಳ್ಳುವುದು 1.6 ಮೈಕ್ರೋಆಂಪ್, ಅಂದರೆ ಮೂರು ಸಾವಿರ ಪಟ್ಟು ಕಡಿಮೆ. ಅದೂ ಅಲ್ಲದೆ ಎಎಂಎಸ್1117ಗೆ ಹೊರಗೆ ಕೊಡುವುದಕ್ಕಿಂತ ಒಂದು ವೋಲ್ಟಿಗೂ ಜಾಸ್ತಿ ಒಳಗೆ ಬೇಕು. ಲಿಥಿಯಂ ಸೆಲ್ ತುಂಬಿದಾಗಲೇ 4.2. ಹಾಗಾಗಿ ಅವರ ಬೋರ್ಡಿಗೆ ಸರಿಯಾದ 3.3 ಸಿಗುತ್ತಲೇ ಇಲ್ಲ.

ಈಗ ಸೆನ್ಸರ್. ಮಾರುಕಟ್ಟೆಯಲ್ಲಿ 'ವಿ1.2' ಅಂತ ಬರುವ ಆ ಕಪ್ಪು ಸೆನ್ಸರ್ ಹಲವಾರು ಕಡೆ ತಯಾರಾಗುತ್ತದೆ. ಅದರ ಮೇಲಿನ ಎಂಟು ಕಾಲಿನ ಚಿಪ್ ನೋಡಿ. ಟಿಎಲ್‌ಸಿ555 ಇದ್ದರೆ 2 ವೋಲ್ಟಿಗೂ ಓಡುತ್ತದೆ. ಎನ್ಇ555 ಇದ್ದರೆ ಕನಿಷ್ಠ 4.5 ಬೇಕು, ನಿಮ್ಮ 3.3ರಲ್ಲಿ ಅದು ಸರಿಯಾಗಿ ಓಡುತ್ತದೆ ಅನ್ನುವ ಭರವಸೆ ಇಲ್ಲ. ಇನ್ನು ಕೆಲವು ಬೋರ್ಡ್‌ಗಳಲ್ಲಿ 1 ಮೆಗಾಓಮ್ ರೆಸಿಸ್ಟರ್‌ನ ಒಂದು ತುದಿ ಗ್ರೌಂಡ್‌ಗೆ ಸೇರಿರುವುದಿಲ್ಲ. ಆಗ ಅಂಕಿ ಬದಲಾಗಲು ತುಂಬಾ ಹೊತ್ತು ಹಿಡಿಯುತ್ತದೆ. ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತವೆ, ಬೆಲೆಯೂ ಒಂದೇ.

ನನಗೆ ಕಾಣುವ ದೊಡ್ಡ ಕೊರತೆ ಇದು: ಯಾವ ಭಾಗ ಹಾಕಬೇಕು ಅಂತ ಫೈಲ್ ಹೇಳುತ್ತದೆ. ಅದನ್ನೇ ಯಾಕೆ ಹಾಕಬೇಕು ಅಂತ ಯಾರೂ ಬರೆದಿಡುವುದಿಲ್ಲ. ನಿಮ್ಮ ಪಟ್ಟಿಯಲ್ಲಿ ಎಂಸಿಪಿ1700 ಪಕ್ಕದಲ್ಲಿ 'ಸುಮ್ಮನಿರುವಾಗಿನ ಕರೆಂಟ್ 5 ಮೈಕ್ರೋಆಂಪ್ ಒಳಗಿರಬೇಕು, ಸೆಲ್ 3.5ಕ್ಕೆ ಇಳಿದರೂ 3.3 ಕೊಡಬೇಕು' ಅಂತ ಒಂದು ಸಾಲು ಇದ್ದರೆ, ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯವರೇ ಅದಕ್ಕೆ ಹೊಂದುವ ಬೇರೆ ಚಿಪ್ ಹುಡುಕಿ ಕೊಡಬಹುದು. 2021ರ ಚಿಪ್ ಬರದಲ್ಲಿ ಎಸ್‌ಟಿಎಂ32 ಅನ್ನುವ ಮೈಕ್ರೋಕಂಟ್ರೋಲರ್ ಚಿಪ್ ಸಿಗದೆ ಎಷ್ಟೋ ಬೋರ್ಡ್‌ಗಳು ನಿಂತೇ ಹೋದವು. ಅದೇ ಜಾಗದಲ್ಲಿ ಕೂರುವ, ಪಿನ್ ಹೊಂದುವ ಬದಲಿ ಚಿಪ್‌ಗಳಿದ್ದವು. ಆದರೆ ಮೂಲ ವಿನ್ಯಾಸಕ್ಕೆ ಆ ಚಿಪ್‌ನ ಯಾವ ಗುಣ ಮುಖ್ಯ ಅಂತ ಗೊತ್ತಿಲ್ಲದೆ ಹಾಕಲು ಧೈರ್ಯ ಬರುತ್ತಿರಲಿಲ್ಲ.

ಇನ್ನೊಂದು, ಪರೀಕ್ಷೆಯ ಪುಟ. ಯಾವ ಜಾಗದಲ್ಲಿ ಮೀಟರ್ ಇಟ್ಟರೆ ಎಷ್ಟು ಬರಬೇಕು, ನಿದ್ದೆಯಲ್ಲಿ ಬೋರ್ಡ್ ಎಷ್ಟು ಕರೆಂಟ್ ಎಳೆಯಬೇಕು, ಗಾಳಿಯಲ್ಲಿ ಸೆನ್ಸರ್ ಎಷ್ಟು, ನೀರಲ್ಲಿ ಎಷ್ಟು. ಇಷ್ಟಿದ್ದರೆ ನಿಮ್ಮ ಗೆಳೆಯರು ಮೊದಲ ದಿನವೇ ತಪ್ಪು ಹಿಡಿಯುತ್ತಿದ್ದರು.

ಹುಬ್ಬಳ್ಳಿ ಲ್ಯಾಬ್

ಮೇಲಿನವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ನಾನು ಇಂಜಿನಿಯರಿಂಗ್ ಮಕ್ಕಳಿಗೆ ಪಾಠ ಮಾಡುವವನು.

ಲೈಸೆನ್ಸ್ ಏನು ಹಾಕಿದ್ದೀರಿ? ತುಂಬಾ ಜನ ಅಭ್ಯಾಸದಿಂದ ಸಾಫ್ಟ್‌ವೇರ್‌ಗೆ ಬಳಸುವ ಜಿಪಿಎಲ್ ಲೈಸೆನ್ಸ್ ಹಾಕುತ್ತಾರೆ. ಅದು ನಿಂತಿರುವುದು ಕಾಪಿರೈಟ್ ಮೇಲೆ. ಕಾಪಿರೈಟ್ ನಿಮ್ಮ ನಕ್ಷೆಯನ್ನು ಕಾಯುತ್ತದೆ, ನಕ್ಷೆ ನೋಡಿ ಮಾಡಿದ ಬೋರ್ಡಿನ ಮೇಲೆ ಅದರ ಹಿಡಿತ ಅಷ್ಟಕ್ಕಷ್ಟೇ. ಯುರೋಪಿನ ಸಂಶೋಧನಾ ಸಂಸ್ಥೆ ಸರ್ನ್ ಹಾರ್ಡ್‌ವೇರ್‌ಗೆಂದೇ ಬರೆದ ಸರ್ನ್ ಓಪನ್ ಹಾರ್ಡ್‌ವೇರ್ ಲೈಸೆನ್ಸ್ 2011ರಿಂದ ಇದೆ, 2020ರ ಎರಡನೇ ಆವೃತ್ತಿಯಲ್ಲಿ ಎಸ್ (ಹಂಚಿಕೊಳ್ಳುವ ಷರತ್ತು ಬಿಗಿ), ಡಬ್ಲ್ಯು (ಷರತ್ತು ಸಡಿಲ), ಪಿ (ಅಂಥ ಷರತ್ತಿಲ್ಲ) ಅಂತ ಮೂರು ಬಗೆ. ಬದಲಾಯಿಸಿ ಮಾರುವವರೂ ತಮ್ಮ ಬದಲಾವಣೆ ಹಂಚಿಕೊಳ್ಳಲಿ ಅಂತಿದ್ದರೆ ಎಸ್ ತೆಗೆದುಕೊಳ್ಳಿ.

ರೇಡಿಯೊ ವಿಷಯ ನನ್ನನ್ನು ಜಾಸ್ತಿ ಕಾಡುತ್ತದೆ. 865ರಿಂದ 868 ಮೆಗಾಹರ್ಟ್ಸ್‌ನಲ್ಲಿ ಮಿತಿಯೊಳಗೆ ಪ್ರಸಾರಕ್ಕೆ ಲೈಸೆನ್ಸ್ ಬೇಡ, ಸರಿ. ಆದರೆ ಮಾರಲು ಹೊರಟರೆ ಕೇಂದ್ರ ಸರ್ಕಾರದ ರೇಡಿಯೊ ವಿಭಾಗವಾದ ಡಬ್ಲ್ಯುಪಿಸಿಯ ಒಪ್ಪಿಗೆ, ಅಂದರೆ ಇಟಿಎ, ಬೇಕು. ಇಂಥ ವ್ಯವಸ್ಥೆಯೆಲ್ಲ ಒಂದು ಮಾದರಿ, ಒಬ್ಬ ತಯಾರಕ ಅಂತ ಲೆಕ್ಕ ಹಾಕಿ ಕಟ್ಟಿದ್ದು. ನೂರು ಊರಲ್ಲಿ ನೂರು ಜನ ಒಂದೇ ವಿನ್ಯಾಸ ಮಾಡಿಕೊಂಡರೆ ಪರೀಕ್ಷೆಯ ಖರ್ಚು ಯಾರದು? ಈಗಿರುವ ದಾರಿ, ಇಟಿಎ ಆಗಿರುವ ರೇಡಿಯೊ ಮಾಡ್ಯೂಲ್ ಹಾಕುವುದು. ಆ ಮಾಡ್ಯೂಲ್ ಒಳಗೆ ಏನಿದೆ ಅಂತ ನಮಗೆ ಕಾಣುವುದಿಲ್ಲ. ಲೋರಾ ತಂತ್ರವೇ ಸೆಮ್‌ಟೆಕ್ ಕಂಪನಿಯದು. ಬೋರ್ಡ್ ಓಪನ್ ಆಗಿದ್ದರೂ ಚಿಪ್ ಹತ್ತಿರ ಬಾಗಿಲು ಹಾಕಿದೆ.

ಮಕ್ಕಳು ತಿದ್ದುಪಡಿ ಕಳಿಸಿದರೆ ಒಪ್ಪಿಕೊಳ್ಳುವುದೂ ಕಷ್ಟ. ಕೀಕ್ಯಾಡ್ ಫೈಲ್ ಪಠ್ಯರೂಪದಲ್ಲೇ ಇದೆ. ಆದರೆ ಇಬ್ಬರು ಒಂದೇ ಬೋರ್ಡಿನ ತಂತಿ ಎಳೆದಿದ್ದರೆ ಗಿಟ್ ಅದನ್ನು ಸರಿಯಾಗಿ ಬೆಸೆಯಲಾರದು. ಬೆಸೆದರೂ, ನಿಜವಾಗಿ ಓಡುತ್ತದಾ ಅಂತ ತಿಳಿಯಲು ಹೊಸ ಬೋರ್ಡ್ ಮಾಡಿಸಿ, ಕೊರಿಯರ್, ಕಸ್ಟಮ್ಸ್ ದಾಟಿಸಿ ತರಿಸಬೇಕು. ವಿದ್ಯಾರ್ಥಿಯ ಜೇಬಿನಿಂದ ಆಗುವ ಕೆಲಸ ಅಲ್ಲ ಅದು. ಇದಕ್ಕೆ ಕಾಲೇಜುಗಳೇ ಸ್ವಲ್ಪ ಹಣ ಎತ್ತಿಡಬೇಕು ಅಂತ ನಾನು ಕೇಳುತ್ತಲೇ ಇದ್ದೇನೆ.

ತೋಟದಮನೆ

ಈಗಷ್ಟೇ ಗೆಳೆಯರಿಗೆ ಫೋನ್ ಮಾಡಿದೆ. ಅವರ ಸೆನ್ಸರ್ ಮೇಲಿರುವುದು ಎನ್ಇ555. ನನ್ನದರಲ್ಲಿ ಟಿಎಲ್‌ಸಿ555. ತುಂಬಾ ಉಪಕಾರ ಆಯಿತು.

ಪಟ್ಟಿಗೆ 'ಯಾಕೆ' ಅನ್ನುವ ಒಂದು ಕಾಲಂ ಸೇರಿಸುತ್ತಿದ್ದೇನೆ, ಕನ್ನಡದಲ್ಲೇ. ಸೆನ್ಸರ್ ಅನ್ನು ಹೊರಗಿನಿಂದ ಕೊಳ್ಳುವ ಬದಲು ನಮ್ಮ ಬೋರ್ಡಿನಲ್ಲೇ ಟಿಎಲ್‌ಸಿ555 ಹಾಕಿ ನಕ್ಷೆ ಬರೆಯಬಹುದಾ ಅಂತಲೂ ನೋಡುತ್ತೇನೆ. ಲೈಸೆನ್ಸ್ ಸರ್ನ್ ಎಸ್‌ಗೆ ಬದಲಾಯಿಸುತ್ತೇನೆ. ಇಟಿಎ ಪ್ರಶ್ನೆಗೆ ನನ್ನಲ್ಲಿ ಉತ್ತರ ಇಲ್ಲ, ಸದ್ಯ ಮಾರುವ ಯೋಚನೆಯೂ ಇಲ್ಲ.

ಬೆಸುಗೆ ಅವರೇ, ನಿಮ್ಮ ಘಟಕದಲ್ಲಿ ಬಳಸುವ ಪರೀಕ್ಷೆಯ ಪುಟದ ಖಾಲಿ ನಮೂನೆ ಇದ್ದರೆ ಇಲ್ಲಿ ಹಾಕುತ್ತೀರಾ? ನನ್ನ ಬೋರ್ಡಿನ ಅಂಕಿಗಳನ್ನು ತುಂಬಿ ಗಿಟ್‌ಗೆ ಸೇರಿಸುತ್ತೇನೆ.