ಸ್ಪಾ ಮಳೆ ಟೆಸ್ಟ್ (ಎಸ್-10): ಕಾರಿನ ಹಿಂಭಾಗ ನಿಲ್ಲುತ್ತಲೇ ಇಲ್ಲ, ಯಾರಾದರೂ ದಾರಿ ಹೇಳಿ

ಹೇರ್‌ಪಿನ್ ಹೈದ:
ತಲೆ ಕೆಟ್ಟುಹೋಗಿದೆ. ಗ್ರ್ಯಾನ್ ಟುರಿಸ್ಮೊ 7 ಕಾರ್ ರೇಸ್ ಗೇಮಿನ ಸೂಪರ್ ಲೈಸೆನ್ಸ್‌ನಲ್ಲಿ ಚಿನ್ನ ಬಾಕಿ ಇರುವುದು ಇದೊಂದಕ್ಕೇ. ಪೋರ್ಶೆ 919 ರೇಸ್ ಕಾರು, ಬೆಲ್ಜಿಯಂನ ಸ್ಪಾ, ಒದ್ದೆ ಟ್ರ್ಯಾಕ್. ಮೊದಲ ತಿರುವು ಲಾ ಸೋರ್ಸ್ ದಾಟಿ ಆಕ್ಸಿಲರೇಟರ್ ಕೊಟ್ಟರೆ ಕಾರು ಗಿರ್ರನೆ ತಿರುಗುತ್ತದೆ. ಅಲ್ಲಿ ಬಚಾವಾದರೆ ಪೂಹಾನ್ ತಿರುವಿನಲ್ಲಿ ಟ್ರ್ಯಾಕ್ ಬಿಟ್ಟು ಹೊರಗೆ, ಟೆಸ್ಟ್ ಫೇಲ್. ಡೆಮೊ ವಿಡಿಯೊದ ಲೈನ್‌ನಲ್ಲೇ ಓಡಿಸುತ್ತಿದ್ದೇನೆ. ಸೆಟ್ಟಿಂಗ್ ಎಲ್ಲಾ ನಾರ್ಮಲ್. ‘ಇನ್ನೂ ಪ್ರಾಕ್ಟೀಸ್ ಮಾಡಿ’ ಅಂತ ಮಾತ್ರ ಹೇಳಬೇಡಿ.

ಟಾರ್ಕ್ ತಿಮ್ಮ:
ಟಿಸಿ (ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್) ಎಷ್ಟಿದೆ? 3 ಇಡಿ. ಕಥೆ ಮುಗಿಯಿತು.

ಹೇರ್‌ಪಿನ್ ಹೈದ:
3 ಇಟ್ಟರೆ ಕಾರು ಮಲಗಿಬಿಡುತ್ತದೆ. ಕೆಮ್ಮೆಲ್ ಅನ್ನುವ ಉದ್ದದ ನೇರ ದಾರಿಯಲ್ಲಿ ಘೋಸ್ಟ್ (ಹೋಲಿಕೆಗೆ ಗೇಮ್ ತೋರಿಸುವ ನೆರಳು ಕಾರು) ಕಣ್ಣೆದುರೇ ಓಡಿಹೋಗುತ್ತದೆ.

ಟಾರ್ಕ್ ತಿಮ್ಮ:
ಹಾಗಾದರೆ 2. ಮಳೆಯಲ್ಲಿ ಟಿಸಿ ಇಲ್ಲದೆ 919 ಓಡಿಸುವುದು ಸುಮ್ನೆ ಹಟ. ಅದಕ್ಕೆ ಮುಂದಿನ ಚಕ್ರಗಳಿಗೆ ಎಲೆಕ್ಟ್ರಿಕ್ ಮೋಟರ್, ಹಿಂದಿನವಕ್ಕೆ 2 ಲೀಟರ್ ವಿ4 ಟರ್ಬೊ. ಟರ್ಬೊ ಒಮ್ಮೆಲೇ ಎಳೆದರೆ ಹಿಂಭಾಗ ಹೋಗುವುದೇ.

ಒದ್ದೆ ಟೈರ್:
ತಿಮ್ಮಣ್ಣ, ನಿಮಗೆ ಜ್ವರ ಬಂದರೂ ಟಿಸಿಯೇ ಮದ್ದು. ಹೈದ, ಇಷ್ಟು ಹೇಳಿ: ಸ್ಟೀರಿಂಗ್ ವೀಲಾ, ಕಂಟ್ರೋಲರಾ? ಗೇರ್ ಆಟೋನಾ, ಮ್ಯಾನುಯಲ್ಲಾ?

ಕರ್ಬ್ ಕಾಟ:
ಟಿವಿಯಲ್ಲಿ ಗೇಮ್ ಮೋಡ್ ಆನ್ ಇದೆಯಾ ನೋಡಿ. ಚಿತ್ರ ತಡವಾಗಿ ಬಂದರೆ ಸ್ಲೈಡ್ ಶುರುವಾಗಿದ್ದು ಗೊತ್ತೇ ಆಗುವುದಿಲ್ಲ. ಅಂದಹಾಗೆ ನಾನು ಓ ರೂಜ್ ಹತ್ತುವಾಗ ಆಕ್ಸಿಲರೇಟರ್ ಬಿಡುವುದೇ ಇಲ್ಲ, ಮಳೆಯಲ್ಲೂ.

ಒದ್ದೆ ಟೈರ್:
ಓ ರೂಜ್ ಹತ್ತುವುದಿಲ್ಲ ಸ್ವಾಮಿ. ಅದು ಕೆಳಗಿರುವ ಎಡ ತಿರುವು. ಹತ್ತುವುದು ರೇದಿಯೋನ್.

ಕರ್ಬ್ ಕಾಟ:
ಎರಡೂ ಸೇರಿ ಎಲ್ಲರೂ ಓ ರೂಜ್ ಅಂತಲೇ ಕರೆಯುವುದು. ಟಿವಿ ಕಾಮೆಂಟರಿಯಲ್ಲೂ ಅಷ್ಟೇ.

ಒದ್ದೆ ಟೈರ್:
ಎಲ್ಲರೂ ಕರೆದರೆ ಎಡ ತಿರುವು ಬಲಕ್ಕೆ ತಿರುಗುತ್ತದಾ?

ಹೇರ್‌ಪಿನ್ ಹೈದ:
ಜಗಳ ಆಮೇಲೆ ಆಡಿ, ಪ್ಲೀಸ್. ಗೇಮ್ ಮೋಡ್ ಆನ್ ಇದೆ. ಕಂಟ್ರೋಲರ್, ಗೇರ್ ಆಟೋ. ನಾರ್ಮಲ್ ಅಂತ ಹೇಳಿದ್ದೆನಲ್ಲ.

ಒದ್ದೆ ಟೈರ್:
ಆಟೋ! ಇದನ್ನು ಮೊದಲೇ ಹೇಳಬಾರದಿತ್ತಾ? ಆಟೋ ಗೇರ್ ಎಂಜಿನ್ ಪೂರ್ತಿ ಕಿರುಚುವವರೆಗೂ ಕೆಳಗಿನ ಗೇರ್ ಬಿಡುವುದಿಲ್ಲ. ಒದ್ದೆ ನೆಲದಲ್ಲಿ ಚಕ್ರ ಗಾಳಿಯಲ್ಲಿ ತಿರುಗಿದಂತೆ ತಿರುಗುತ್ತದೆ. ಮ್ಯಾನುಯಲ್‌ಗೆ ಬನ್ನಿ. ಲಾ ಸೋರ್ಸ್‌ನಿಂದ ಹೊರಗೆ ಬರುವಾಗ ಎಂದಿಗಿಂತ ಒಂದು ಗೇರ್ ಮೇಲೆ ಇರಲಿ, ಮುಂದಿನದನ್ನೂ ಬೇಗ ಹಾಕಿ. ಸ್ಟೀರಿಂಗ್ ಎಷ್ಟು ನೇರವಾಗುತ್ತದೋ ಅಷ್ಟೇ ಆಕ್ಸಿಲರೇಟರ್. ಆರ್2 ಬಟನ್ ಮೇಲೆ ಬೆರಳ ತುದಿ ಸಾಕು, ಪೂರ್ತಿ ಬೆರಳು ಇಟ್ಟರೆ ಅರ್ಧ ಒತ್ತುವುದು ಕಷ್ಟ.

ಪೂಹಾನ್ ಬೇರೆ ಕಥೆ. ಇಳಿಜಾರಿನಲ್ಲಿ ಜೋಡಿ ಎಡ ತಿರುವು, ವೇಗ ಜಾಸ್ತಿ. ತಿರುಗಿಸುವ ಮೊದಲೇ ಬ್ರೇಕ್ ಮುಗಿಸಿ, ಗೇರ್ ಇಳಿಸುವುದನ್ನೂ ಅಲ್ಲೇ ಮುಗಿಸಿ. ಆಟೋದಲ್ಲಿ ತಿರುವಿನ ಮಧ್ಯೆ ಗೇರ್ ಇಳಿದರೆ ಹಿಂಭಾಗ ಹಗುರವಾಗಿರುವ ಹೊತ್ತಿಗೇ ಧಕ್ಕೆ ಬೀಳುತ್ತದೆ. ನೀವು ಹೊರಗೆ ಹೋಗುತ್ತಿರುವುದು ಇದರಿಂದಲೇ ಇರಬೇಕು.

ಟಾರ್ಕ್ ತಿಮ್ಮ:
ಇಷ್ಟೆಲ್ಲಾ ಮಾಡುವ ಬದಲು ಟಿಸಿ 1 ಇಡಬಹುದು.

ಒದ್ದೆ ಟೈರ್:
ಸರಿ, 1 ಇಡಲಿ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಗೇರ್ ಸರಿಹೋಗದೆ ಟಿಸಿ ಬರೀ ಬ್ಯಾಂಡೇಜು.

ಡಿಡಿ ದೊರೆ:
ಕಂಟ್ರೋಲರ್‌ನಲ್ಲಿ ಮಳೆ ಟೆಸ್ಟಾ? ಧೈರ್ಯ ಮೆಚ್ಚಬೇಕು. ನನ್ನದು 8 ನ್ಯೂಟನ್ ಮೀಟರ್ ಡೈರೆಕ್ಟ್ ಡ್ರೈವ್ ವೀಲ್ (ಮೋಟರಿಗೇ ನೇರ ಜೋಡಿಸಿದ ಸ್ಟೀರಿಂಗ್), ಒತ್ತಡ ಅಳೆಯುವ ಲೋಡ್ ಸೆಲ್ ಪೆಡಲ್, ಮೇಲಿಂದ ವಿಆರ್2 ಹೆಡ್‌ಸೆಟ್. ಹಿಂಭಾಗ ಜಾರುವ ಮೊದಲೇ ಕೈಗೆ ಗೊತ್ತಾಗುತ್ತದೆ. ಸೀಟು ಅಲ್ಯೂಮಿನಿಯಂ ಪ್ರೊಫೈಲ್ ಮೇಲೆ ನಾನೇ ಕಟ್ಟಿದ್ದು. ಫೋಟೊ ಹಾಕಲಾ?

ಕರ್ಬ್ ಕಾಟ:
ಹಾಕಿ ಹಾಕಿ. ಪೆಡಲ್ ಸ್ಟ್ಯಾಂಡ್ ಬ್ರೇಕ್ ಒತ್ತಿದಾಗ ಬಾಗುತ್ತದಾ?

ಹೇರ್‌ಪಿನ್ ಹೈದ:
ಮ್ಯಾನುಯಲ್, ಟಿಸಿ 1. ಮೊದಲು ಗೇರ್ ನೋಡುವುದರಲ್ಲೇ ಬ್ರೇಕ್ ಮರೆಯುತ್ತಿದ್ದೆ, ಈಗ ಕೈ ಕೂತಿದೆ. ಲಾ ಸೋರ್ಸ್ ಪೂರ್ತಿ ಸರಿಹೋಯಿತು, ಕಾರು ಹಳಿ ಮೇಲೆ ಹೋದಂತೆ ಹೋಗುತ್ತದೆ. ಪೂಹಾನ್‌ನಲ್ಲೂ ಟ್ರ್ಯಾಕ್ ಬಿಡುತ್ತಿಲ್ಲ. ಚಿನ್ನಕ್ಕೆ ಇನ್ನೂ ಅರ್ಧ ಸೆಕೆಂಡಿನ ಹತ್ತಿರ ಕಡಿಮೆ. ಕೊನೆಯ ಬಸ್ ಸ್ಟಾಪ್ ಶಿಕೇನ್‌ನಲ್ಲಿ (ಬಲ-ಎಡ ಬಿಗಿ ತಿರುವು) ಘೋಸ್ಟ್ ನನ್ನನ್ನು ಹಿಂದೆ ಹಾಕುತ್ತದೆ.

ಒದ್ದೆ ಟೈರ್:
ಅಲ್ಲಿ ಬ್ರೇಕ್ ಹಾಕುವಾಗ ಎಲ್2 ಬಟನ್ ನಡುಗುತ್ತದಾ?

ಹೇರ್‌ಪಿನ್ ಹೈದ:
ಹೂಂ, ಜೋರಾಗಿ.

ಒದ್ದೆ ಟೈರ್:
ಅದು ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವುದು) ಒದ್ದಾಡುವ ನಡುಕ. ಮೊದಲು ಗಟ್ಟಿಯಾಗಿ ಒತ್ತಿ, ವೇಗ ಇಳಿದಂತೆ ಬೆರಳು ಸಡಿಲ ಮಾಡುತ್ತಾ ಹೋಗಿ. ಬಲಕ್ಕೆ ತಿರುಗಿಸುವ ಹೊತ್ತಿಗೆ ನಡುಕ ನಿಂತಿರಬೇಕು, ಇಲ್ಲದಿದ್ದರೆ ಮೂತಿ ತಿರುಗುವುದಿಲ್ಲ. ಟ್ರ್ಯಾಕ್ ಅಂಚಿನ ಬಣ್ಣದ ಕರ್ಬ್ ಒದ್ದೆಯಿದ್ದಾಗ ಸೋಪಿನ ಹಾಗೆ, ಒಳಗಿನ ಚಕ್ರವನ್ನು ಅದರ ಮೇಲೆ ಹತ್ತಿಸಬೇಡಿ. ಅದಕ್ಕೂ ಮುಂಚಿನ ಬ್ಲಾಂಶಿಮೋನ್ ತಿರುವಿನಿಂದ ಹೇಗೆ ಬರುತ್ತಿದ್ದೀರಿ, ರೀಪ್ಲೇ ಇದ್ದರೆ ಹಾಕಿ.

ಡಿಡಿ ದೊರೆ:
ಫೋಟೊ ಹಾಕಿದ್ದೇನೆ. ಪೆಡಲ್ ಬಾಗುವುದಿಲ್ಲ, ಕೆಳಗೆ ಎರಡು ಅಡ್ಡಪಟ್ಟಿ ಕೊಟ್ಟಿದ್ದೇನೆ.

ಕರ್ಬ್ ಕಾಟ:
ಅಬ್ಬಾ! ಮಾನಿಟರ್ ಸ್ಟ್ಯಾಂಡ್ ಬೇರೆಯಾಗಿ ನಿಂತಿದೆಯಾ, ಸೀಟಿನ ಫ್ರೇಮಿಗೇ ಸೇರಿದೆಯಾ?